ಒಣಗಿದಾಗಲೇ ನೋಡಬೇಕು ತರಂಗೀರೆ

ಟಾಂಜಾನಿಯಾ ಅಂದ ಕೂಡಲೇ ಎಲ್ಲರ ಬಾಯಲ್ಲೂ ಸೆರೆಂಗೆಟಿ. ಆದರೆ ಒಂದೇ ವಾರ ರಜೆ ಸಿಕ್ಕಿ, ವರ್ಷವಿಡೀ ಕೂಡಿಟ್ಟ ದುಡ್ಡು ಸುರಿದು ಹೋಗೋರಿಗೆ ನಾನು ಹೇಳೋ ಹೆಸರು ತರಂಗೀರೆ ರಾಷ್ಟ್ರೀಯ ಉದ್ಯಾನ. ಅರುಷಾ ಪಟ್ಟಣದಿಂದ ಸುಮಾರು 120 ಕಿ.ಮೀ. ಒಟ್ಟು 2,850 ಚದರ ಕಿ.ಮೀ. ಕಾಡು. ಯಾವ ತಿಂಗಳು ಹೋಗ್ತೀರಿ ಅನ್ನೋದೇ ಇಲ್ಲಿ ಎಲ್ಲಾ.

ನಾವು ಹೋಗಿದ್ದು ಸೆಪ್ಟೆಂಬರ್‌ನಲ್ಲಿ. ಹಸಿರು ಹೆಸರಿಗೂ ಇರಲಿಲ್ಲ. ಬಿಸ್ಕತ್ತಿನ ಬಣ್ಣದ ಹುಲ್ಲು, ಜೀಪಿನ ಹಿಂದೆ ಬರೀ ಧೂಳು. ಜೊತೆಗಿದ್ದ ಗೆಳೆಯ "ಇದಕ್ಕಾ ಇಷ್ಟು ದೂರ ಬಂದಿದ್ದು?" ಅಂದ. ದಿಬ್ಬ ಹತ್ತಿ ಕೆಳಗೆ ನದಿ ಕಂಡಾಗ ಅವನ ಬಾಯಿ ಮುಚ್ಚಿತು. ಆನೆಗಳ ಹಿಂಡು, ಅದರ ಪಕ್ಕ ಜೀಬ್ರಾ, ಆಚೆ ವೈಲ್ಡ್‌ಬೀಸ್ಟ್. ಎಣಿಸೋಕೆ ಹೋಗಿ ಬಿಟ್ಟುಬಿಟ್ಟೆ.

ಲೆಕ್ಕ ಸರಳ. ಜೂನ್‌ನಿಂದ ಅಕ್ಟೋಬರ್‌ವರೆಗೆ ಸುತ್ತಲಿನ ಹೊಂಡಗಳೆಲ್ಲ ಬತ್ತುತ್ತವೆ, ನಂಬಬಹುದಾದ ನೀರು ಅಂದರೆ ತರಂಗೀರೆ ನದಿ. ಏಪ್ರಿಲ್‌ನಲ್ಲಿ ಕಬಿನಿ ಹಿನ್ನೀರಿಗೆ ಆನೆಗಳು ಸೇರೋ ಹಾಗೇ. ಸಿಂಹಕ್ಕೂ ಅಲೆದಾಟವಿಲ್ಲ, ಊಟ ತಾನಾಗೇ ನೀರಿಗೆ ಬರುತ್ತೆ. ನದಿಯೂ ಬತ್ತಿದ ಕಡೆ ಒಂದು ಹೆಣ್ಣಾನೆ ಕಾಲಲ್ಲಿ ಮರಳು ಕೆದರಿ, ಸೊಂಡಿಲಿನಿಂದ ತೋಡಿ, ನೀರು ಒಸರೋವರೆಗೆ ಸುಮ್ಮನೆ ನಿಂತಿತ್ತು. ಮರಿ ಮಧ್ಯೆ ಸೊಂಡಿಲು ತೂರಿಸಿ ಎರಡು ಸಲ ತಳ್ಳಿಸಿಕೊಂಡಿತು. ಮೂರನೇ ಸಲ ಅಮ್ಮ ಜಾಗ ಬಿಟ್ಟಳು. ಇಷ್ಟು ನೋಡೋಕೆ ಮುಕ್ಕಾಲು ಗಂಟೆ ಹೋಯಿತು. ಸಿಂಹ ನೋಡಿದ್ದಕ್ಕಿಂತ ಅದೇ ನೆನಪಿದೆ.

ಸವಣೂರಿನ ದೊಡ್ಡ ಹುಣಸೆ ಮರ ನೋಡಿದ್ದೀರಾ? ಅದೇ ಬಾವೊಬಾಬ್ ಇಲ್ಲಿ ಗುಡ್ಡದ ತುಂಬಾ. ಬುಡದಲ್ಲೆಲ್ಲ ದೊಡ್ಡ ಗಾಯಗಳು: ಒಣ ತಿಂಗಳಲ್ಲಿ ತೇವಕ್ಕಾಗಿ ಆನೆಗಳು ತೊಗಟೆ ಸೀಳಿ ಜಗಿಯುತ್ತವೆ.

ಮಳೆ ಬಂತೋ, ಚಿತ್ರವೇ ಬದಲು. ನವೆಂಬರ್ ಹೊತ್ತಿಗೆ ಜೀಬ್ರಾ, ವೈಲ್ಡ್‌ಬೀಸ್ಟ್ ಉದ್ಯಾನದ ಗಡಿ ದಾಟಿ ಪೂರ್ವದ ಸಿಮಾಂಜಿರೋ ಬಯಲಿಗೆ ಹೊರಡುತ್ತವೆ. ಅಲ್ಲಿನ ಹುಲ್ಲಲ್ಲಿ ರಂಜಕ ಜಾಸ್ತಿ, ಹಾಲುಣಿಸೋ ತಾಯಿಗೆ ಅದು ಬೇಕು. ಮರಿಗಳು ಹುಟ್ಟೋದೂ ಅಲ್ಲೇ. ಆದರೆ ಆ ಬಯಲು ಉದ್ಯಾನವಲ್ಲ, ಮಾಸಾಯಿ ಜನ ದನ ಮೇಯಿಸೋ ಊರಿನ ನೆಲ. ಅಲ್ಲಿ ನೇಗಿಲು ಬಿದ್ದಷ್ಟೂ ಇಲ್ಲಿನ ಹಿಂಡು ಸಣ್ಣದಾಗುತ್ತೆ. ಕೆಲವು ಹಳ್ಳಿಗಳಿಗೆ ಸಫಾರಿ ಕಂಪನಿಗಳು ಉಳುಮೆ ಮಾಡದೆ ಹುಲ್ಲುಗಾವಲು ಉಳಿಸೋದಕ್ಕೆ ದುಡ್ಡು ಕೊಡುತ್ತವೆ. ನಾವು ಗೇಟಿನೊಳಗೆ ಜೀಪು ನಿಲ್ಲಿಸಿ ಫೋಟೋ ತೆಗೆಯೋ ಪ್ರಾಣಿಗಳು ಅರ್ಧ ವರ್ಷ ಬೇರೆಯವರ ಹೊಲದಂಚಲ್ಲಿ ಬದುಕಿ ಬಂದಿರುತ್ತವೆ. ಹಾಗಾಗಿ ಟೂರ್ ಬುಕ್ ಮಾಡೋವಾಗ ಅಂಥ ಹಳ್ಳಿಗಳಿಗೆ ಪಾಲು ಕೊಡ್ತೀರಾ ಅಂತ ಕಂಪನಿಯವರನ್ನ ಕೇಳಿ. ಮುಜುಗರ ಬೇಡ, ನಿಮ್ಮದೇ ದುಡ್ಡು.

ಏಪ್ರಿಲ್‌ನಲ್ಲಿ ಲಾಡ್ಜ್ ಅಗ್ಗ, ಹಸಿರೂ ಚೆಂದ. ಹಕ್ಕಿ ನೋಡೋರು ಧಾರಾಳವಾಗಿ ಹೋಗಬಹುದು. ಮೊದಲ ಸಫಾರಿ ಆದರೆ ಆಗಸ್ಟ್, ಸೆಪ್ಟೆಂಬರ್ ಬಿಡಬೇಡಿ. ಬೆಳಗಿನ ಚಳಿಗೆ ಜಾಕೆಟ್, ಧೂಳಿಗೆ ಒಂದು ಟವೆಲ್ ಇರಲಿ. ಕಡು ನೀಲಿ, ಕಪ್ಪು ಬಟ್ಟೆ ಮಾತ್ರ ಬೇಡ, ಆ ಬಣ್ಣಕ್ಕೆ ಸೆಟ್ಸೆ ನೊಣ ಹುಡುಕಿಕೊಂಡು ಬರುತ್ತೆ. ಗೆಳೆಯ ನೀಲಿ ಜೀನ್ಸ್ ಹಾಕಿದ್ದ. ಜೀನ್ಸ್ ಮೇಲಿಂದಲೇ ಕಚ್ಚಿ, ಎರಡು ದಿನ ಮಂಡಿ ಊದಿಸಿಕೊಂಡು ಓಡಾಡಿದ.