ಎರಡು ಮುದ್ದೆಯ ಲೆಕ್ಕ

ನನ್ನ ಸೋದರಳಿಯನು ಕಾಲೇಜಿನ ಓದಿಗೆಂದು ನಮ್ಮ ಮನೆಗೆ ಬಂದು ಸೇರಿದಾಗ ಅವನಿಗೆ ಹತ್ತೊಂಬತ್ತು ವರ್ಷ. ತೂಕ 52 ಕಿಲೋಗ್ರಾಂ. ತಂದೆಯಿಲ್ಲದ ಹುಡುಗ. ತಾಯಿಯೊಬ್ಬಳೇ ಪಾವಗಡದ ಕಡೆಯ ಹಳ್ಳಿಯಲ್ಲಿ ಹೊಲಮನೆ ನೋಡಿಕೊಂಡಿರುವಳು. ಮಿಡಿಗೇಶಿಯಿಂದ ಮಧುಗಿರಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದವನು ಅಲ್ಲಿಯ ವ್ಯಾಯಾಮಶಾಲೆಯೊಂದನ್ನು ಸೇರಿದ ಸಂಗತಿ ನನಗೆ ತಿಳಿದದ್ದು ತಿಂಗಳಾದ ಮೇಲೆ. ಪೋಲೀಸು ಕೆಲಸಕ್ಕೆ ಅರ್ಜಿ ಹಾಕಬೇಕು, ಎದೆಯ ಸುತ್ತಳತೆ ಸಾಲದು ಎಂಬುದು ಅವನ ಚಿಂತೆ. ನನ್ನ ತಂಗಿಯ ಆಸೆಯೆಲ್ಲವೂ ಆ ಸುತ್ತಳತೆಯ ಮೇಲೆಯೇ ನಿಂತಿದ್ದಿತು.

ನನಗೆ ಇದರಲ್ಲಿ ಅಸಮಾಧಾನವೇನೂ ಇರಲಿಲ್ಲ. ಅಂಗಸಾಧನೆಗೂ ಅಕ್ಷರಕ್ಕೂ ವೈರವೆಂದು ತಿಳಿಯುವವರು ಕೆ. ವಿ. ಅಯ್ಯರವರನ್ನು ನೆನೆದುಕೊಳ್ಳಬೇಕು. ‘ಶಾಂತಲಾ’, ‘ರೂಪದರ್ಶಿ’ಗಳನ್ನು ಬರೆದವರೆಂದು ಅವರನ್ನು ಬಲ್ಲ ಎಷ್ಟೋ ಮಂದಿ, ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕವನ್ನೂ ಬರೆದರೆಂಬುದನ್ನು ಮರೆತಿದ್ದಾರೆ.

ಹುಡುಗನು ಶಿಸ್ತಿನವನು. ಪ್ರತಿದಿನ ಬೆಳಗ್ಗೆ, ಏನೂ ತಿನ್ನುವ ಮೊದಲು, ತೂಕ ನೋಡಿ ಒಂದು ನೋಟುಪುಸ್ತಕದಲ್ಲಿ ಗುರುತು ಹಾಕುವನು. ಜೂನ್ ತಿಂಗಳಿನಲ್ಲಿ 52 ಇದ್ದದ್ದು ಸೆಪ್ಟೆಂಬರಿನ ನಡುವಿಗೆ 56 ಆಯಿತು. ಅಲ್ಲಿಗೆ ನಿಂತಿತು. ವಾರಗಳು ಕಳೆದರೂ ಅದೇ 56. ನಾನು ಉಪಾಧ್ಯಾಯನಾಗಿದ್ದವನು, ಬೈಯುವುದೇ ಮೊದಲು ತೋಚುತ್ತದೆ. “ನಿನ್ನ ಶ್ರಮ ಸಾಲದು,” ಎಂದೆ. ಅವನು ಮರುಮಾತಾಡದೆ ವ್ಯಾಯಾಮವನ್ನು ಇನ್ನರ್ಧ ಗಂಟೆ ಹೆಚ್ಚಿಸಿದನು. ಅಷ್ಟು ಸಾಲದೆಂಬಂತೆ ಸಾಯಂಕಾಲ ನಮ್ಮೂರಿನ ದುರ್ಗವನ್ನೂ ಹತ್ತಿ ಇಳಿಯತೊಡಗಿದನು. ನೀಳಕೇಶದ ರಾಣಿಯೊಬ್ಬಳಿಂದ ಊರಿಗೆ ಹೆಸರು ಬಂದಿತೆಂದು ಹೇಳುತ್ತಾರಷ್ಟೆ. ಆ ಬೆಟ್ಟವನ್ನು ನಾನು ಹತ್ತಿ ಎಷ್ಟು ವರ್ಷವಾಯಿತೋ! ತೂಕ ಮಾತ್ರ ಏರಲಿಲ್ಲ; ಒಂದೆರಡು ವಾರ ಇಳಿಯಿತು. ಅಷ್ಟರಲ್ಲಿ ಯಾರೋ ಅಂಗಡಿಯವರು ಸಾವಿರಾರು ರೂಪಾಯಿನ ಪುಡಿಯ ಡಬ್ಬಿಯೊಂದನ್ನು ತೋರಿಸಿದರಂತೆ. ಕೊಳ್ಳಲು ಹಣವಿಲ್ಲದ್ದರಿಂದ ಹುಡುಗ ಬದುಕಿದ.

ಆಗ ನಾನು ಕೂತು ಓದಿದೆ. ತಿಳಿದ ಸಂಗತಿ ಬಹು ಸರಳವಾದದ್ದು. ನಾವು ಉಣ್ಣುವ ಅನ್ನದ ಶಕ್ತಿಯಲ್ಲಿ ಒಂದು ಪಾಲು ದೇಹವನ್ನು ಕಾಯುವುದಕ್ಕೆ, ಒಂದು ಪಾಲು ಚಲನೆಗೆ. ಉಳಿದುದು ಮಾತ್ರ ಬೆಳವಣಿಗೆಗೆ. 52 ಕಿಲೋ ದೇಹಕ್ಕೆ ಮಿಗುತ್ತಿದ್ದ ಊಟವು 56 ಕಿಲೋ ದೇಹಕ್ಕೆ ಸರಿಯಾಗಿ ಮುಗಿದುಹೋಗುತ್ತದೆ. ಭಾರವಾದ ಮೈಯನ್ನು ಹೊತ್ತು ನಡೆಯಲು ಹೆಚ್ಚು ಬೇಕು. ಪುಷ್ಟಿ ಬಂದ ಮೈ ತಾನಾಗಿಯೇ ಹೆಚ್ಚು ಓಡಾಡುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಲೆವೈನ್ ಎಂಬ ವೈದ್ಯರೂ ಅವರ ಸಂಗಡಿಗರೂ 1999ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 16 ಮಂದಿಗೆ ಎಂಟು ವಾರ ದಿನಕ್ಕೆ 1000 ಕ್ಯಾಲೋರಿ ಹೆಚ್ಚಾಗಿ ಉಣ್ಣಿಸಿದರು. ಒಬ್ಬನಲ್ಲಿ ಕೂಡಿದ ಕೊಬ್ಬು ಅರ್ಧ ಕಿಲೋಗೂ ಕಡಿಮೆ, ಇನ್ನೊಬ್ಬನಲ್ಲಿ ನಾಲ್ಕು ಕಿಲೋಗೂ ಹೆಚ್ಚು! ಕೊಬ್ಬು ಕೂಡದವರು ತಮಗರಿವಿಲ್ಲದೆಯೇ ಏಳುತ್ತ ಕೂರುತ್ತ, ಅತ್ತಿತ್ತ ಅಲೆಯುತ್ತ ಆ ಶಕ್ತಿಯನ್ನು ಕಳೆದಿದ್ದರು. ನಮ್ಮ ಹುಡುಗನ ಪಾಲು ದುರ್ಗದ ಮೆಟ್ಟಿಲುಗಳಿಗೆ ಸಂದಿತ್ತು, ಸಲ್ಲಿಸಿದವನು ನಾನು.

ನೋಟುಪುಸ್ತಕವನ್ನು ಕೇಳಿ ತೆಗೆದುಕೊಂಡು ವಾರವಾರದ ಸರಾಸರಿ ಹಾಕಿದೆ. ದಿನದ ಅಂಕಿಯನ್ನು ನಂಬುವ ಹಾಗಿಲ್ಲ. ಉಪ್ಪು, ನೀರು, ಹಿಂದಿನ ರಾತ್ರಿಯ ಊಟ ಇವುಗಳಿಂದಲೇ ಅರ್ಧ, ಒಂದು ಕಿಲೋ ಆಚೀಚೆಯಾಗುವುದುಂಟು. ಎರಡು ಮೂರು ವಾರದ ಸರಾಸರಿ ಕದಲದಿದ್ದರೆ ಮಾತ್ರ ತೂಕ ನಿಂತಿತೆನ್ನಬೇಕು. ಹತ್ತು ವಾರಗಳ ಸರಾಸರಿಯಲ್ಲಿ ಒಂದೇ ಒಂದು ವಾರ ಅಂಕಿ 400 ಗ್ರಾಂ ಮೇಲಕ್ಕೆದ್ದಿತ್ತು. ತಾರೀಖು ನೋಡಿದೆ. ದೀಪಾವಳಿಗೆ ಅವನು ತಾಯಿಯ ಬಳಿಗೆ ಹೋಗಿದ್ದ ವಾರ.

ಹಬ್ಬದ ಊಟದ ಮಾಯೆಯೂ ಇರಬಹುದು. ಆದರೂ ಆ ಅಂಕಿ ನನ್ನ ಮನಸ್ಸಿಗೆ ನಾಟಿತು. ಆ ರಾತ್ರಿ ಊಟಕ್ಕೆ ಕುಳಿತಾಗ ಗಮನಿಸಿದೆ. ನನ್ನ ಹೆಂಡತಿ ಅವನ ತಟ್ಟೆಗೆ ಎರಡು ಮುದ್ದೆ ಇಟ್ಟು ಹುರುಳಿಸಾರು ಬಡಿಸಿದಳು. ಮುಗಿದ ಮೇಲೆ, “ಇನ್ನೂ ಸ್ವಲ್ಪ ಹಾಕಲೇನೋ?” ಎಂದಳು. “ಸಾಕು ಅತ್ತೆ,” ಎಂದು ಕೈತೊಳೆಯಲು ಎದ್ದನು. ಬಂದ ಮೊದಲ ದಿನದಿಂದಲೂ ಅದೇ ಎರಡು ಮುದ್ದೆ, ಅದೇ ಮಾತು. ತಾಯಿಯಾಗಿದ್ದರೆ ಕೇಳುತ್ತಿರಲಿಲ್ಲ, ಬಡಿಸಿಬಿಡುತ್ತಿದ್ದಳು. ನಮ್ಮದು ಉಪಚಾರದ ಮಾತಲ್ಲ, ದೇವರಾಣೆ; ಆದರೆ ಪರರ ಮನೆಯಲ್ಲಿ ಬೆಳೆಯುವವನಿಗೆ ಆ ಪ್ರಶ್ನೆಯ ಉತ್ತರ ಮೊದಲೇ ಗೊತ್ತಿರುತ್ತದೆ.

ಮರುದಿನ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ನೊಂದುಕೊಂಡಳು, ಆ ರಾತ್ರಿ ಮಾತಿಲ್ಲದೆ ಮೂರನೆಯ ಮುದ್ದೆ ಇಟ್ಟಳು. ಹುಡುಗನು ಕಷ್ಟಪಟ್ಟು ಅರ್ಧ ಉಂಡನು. ಇಲ್ಲಿಯೂ ಒಂದು ಲೆಕ್ಕವಿದೆ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲೋರಿ. ನೀರು ಕುಡಿದು ಮುದ್ದೆಯಾದಾಗ ಅದು ಹೊಟ್ಟೆಯನ್ನೆಲ್ಲ ತುಂಬಿಬಿಡುತ್ತದೆ. ಅಷ್ಟೇ ತೂಕದ ಕಡಲೆಕಾಯಿಬೀಜದಲ್ಲಿ 500ಕ್ಕೂ ಹೆಚ್ಚು. ಮಾಂಸಖಂಡಕ್ಕೆ ಬೇಕಾದ ಪ್ರೋಟೀನೂ ರಾಗಿಯ ಮೂರರಷ್ಟು. ನಮ್ಮ ಸೀಮೆಯಲ್ಲಿ ಅದಕ್ಕೇನು ಬರವೆ? ಮುದ್ದೆ ಎರಡೇ ಇರಲಿ, ವ್ಯಾಯಾಮ ಮುಗಿಸಿ ಬಂದ ಮೇಲೆ ಹುರಿದ ಬೀಜ ಒಂದು ಹಿಡಿ, ಬೆಲ್ಲದ ಚೂರು, ಅಷ್ಟೇ ಸಾಕೆಂದು ನಿಶ್ಚಯಿಸಿದೆವು. ಒಟ್ಟು 200 ಕ್ಯಾಲೋರಿ. ಒಮ್ಮೆಗೇ ಸಾವಿರ ಏರಿಸಿದರೆ ಬೆಳೆಯುವುದು ತೋಳಲ್ಲ, ಹೊಟ್ಟೆ. ವಾರಕ್ಕೆ ನೂರೈವತ್ತರಿಂದ ಇನ್ನೂರೈವತ್ತು ಗ್ರಾಂ ಏರಿದರೆ ಅವನಂಥವನಿಗೆ ಧಾರಾಳವಾಯಿತು. ದುರ್ಗವನ್ನು ಭಾನುವಾರಕ್ಕೆ ಸೀಮಿತಗೊಳಿಸಿದೆ. ನನ್ನ ತಪ್ಪನ್ನು ಒಪ್ಪಿಕೊಳ್ಳಲೂ ಬಾಯಿ ಬಂದಿತು. ಆದರೆ ಅರ್ಧಕ್ಕೆ ನಿಂತಿತು. ಅವನು ನಕ್ಕು, “ಬಿಡಿ ಮಾವ,” ಎಂದನು.

ಬೀಜದ ಡಬ್ಬಿಯನ್ನು ನನ್ನವಳು ಅಡಿಗೆಮನೆಯಿಂದ ತೆಗೆದು ಅವನ ಪುಸ್ತಕದ ಗೂಡಿನಲ್ಲಿಟ್ಟಳು. ಈ ಉಪಾಯ ನನಗೆ ಹೊಳೆದಿರಲಿಲ್ಲ.

ಡಿಸೆಂಬರಿನಲ್ಲಿ ಎರಡು ವಾರ ಏನೂ ಕಾಣಲಿಲ್ಲ. ಮೂರನೆಯ ವಾರದ ಸರಾಸರಿ 56.3. ಅವರೆಕಾಯಿಯ ಕಾಲ ಮುಗಿಯುವ ಹೊತ್ತಿಗೆ 57 ದಾಟಿತು. ಫೆಬ್ರವರಿಯ ಕೊನೆಗೆ 58. ಅಂಗಿಯ ಗುಂಡಿ ಎಳೆಯತೊಡಗಿದ್ದನ್ನು ತಂಗಿಗೆ ಟೆಲಿಫೋನಿನಲ್ಲಿ ಹೇಳಿದೆ. ಅವಳು ಕೇಳಿದ್ದು ಒಂದೇ: “ಸರಿಯಾಗಿ ಉಣ್ಣುತ್ತಾನೇನಣ್ಣಾ?”

ಮಾರ್ಚಿಯಲ್ಲಿ ಅಂಕಿ ಪುನಃ ನಿಂತಿತು. ನಿಲ್ಲಲೇಬೇಕಷ್ಟೆ, 58ರ ದೇಹ ತನ್ನ ಪಾಲನ್ನು ಕೇಳುತ್ತಿತ್ತು. ಮೂರು ವಾರ ಕಾದು, ಹುಡುಗನು ನನ್ನ ಬಳಿಗೆ ಬರದೆ ನೆಟ್ಟಗೆ ಅಡಿಗೆಮನೆಗೆ ಹೋದನು. “ಅತ್ತೆ, ಇವತ್ತಿನಿಂದ ರಾತ್ರಿ ಒಂದು ಲೋಟ ಹಾಲು ಬೇಕು,” ಎಂದು ಕೇಳಿದ್ದು ಪಡಸಾಲೆಯಲ್ಲಿ ಕುಳಿತಿದ್ದ ನನಗೆ ಕೇಳಿಸಿತು. “ದೊಡ್ಡ ಲೋಟವೋ ಚಿಕ್ಕದೋ?” ಎಂದಳು ಅವಳು. ಅವನು ಸ್ವಲ್ಪ ಯೋಚಿಸಿ, “ದೊಡ್ಡದು,” ಎಂದನು.