ಮಾತಲ್ಲಿ ಇಲ್ಲದ ನರಿ

ಕೆಲವು ತಿಂಗಳಿಂದ ಶನಿವಾರ ಬೆಳಿಗ್ಗೆ ನಮ್ಮ ಏರಿಯಾದ ಒಂದು ಸರ್ಕಾರಿ ಶಾಲೆಗೆ ಹೋಗಿ ಮೂರನೇ ಕ್ಲಾಸಿನ ಮಕ್ಕಳಿಗೆ ಚಿತ್ರಪುಸ್ತಕ ಓದಿ ಹೇಳ್ತಾ ಇದೀನಿ. "ವೀಕೆಂಡಲ್ಲಿ ಮಲಗೋದು ಬಿಟ್ಟು ಇದೆಂಥದೋ ಮಾರಾಯ" ಅಂತ ರೂಮ್‌ಮೇಟ್ ಪ್ರತೀ ವಾರ ಬೈತಾನೆ. ಬೈಲಿ ಬಿಡಿ.

ಆ ಕ್ಲಾಸಲ್ಲಿ ಒಬ್ಬಳು ಹುಡುಗಿ ಇದಾಳೆ. ಮನೆಮಾತು ತೆಲುಗು. ಕನ್ನಡ ಪಾಠ ಕೊಟ್ರೆ ಒತ್ತಕ್ಷರ, ಅರ್ಕಾವತ್ತು ಯಾವುದಕ್ಕೂ ತಡವರಿಸದೆ ಸರಸರ ಓದ್ತಾಳೆ. "ಏನಾಯ್ತಮ್ಮ ಇದರಲ್ಲಿ?" ಅಂತ ಕೇಳಿದ್ರೆ ಮತ್ತೆ ಮೊದಲ ಸಾಲಿಂದ ಓದೋಕೆ ಶುರು ಮಾಡ್ತಾಳೆ! ಕೋಡ್ ಕಂಪೈಲ್ ಆಗುತ್ತೆ, ಒಂದೂ ಎರರ್ ಇಲ್ಲ, ಔಟ್‌ಪುಟ್ ಮಾತ್ರ ಖಾಲಿ. ಪರೀಕ್ಷೆಯಲ್ಲಿ ಇದು ಗೊತ್ತಾಗೋದೇ ಇಲ್ಲ. ಪ್ರಶ್ನೆಯಲ್ಲಿರೋ ಪದ ಪಾಠದ ಯಾವ ಸಾಲಲ್ಲಿದೆ ಅಂತ ಹುಡುಕಿ ಆ ಸಾಲನ್ನ ಬರೆದ್ರೆ ಮಾರ್ಕ್ಸು ಗ್ಯಾರಂಟಿ. (ನಾವೂ ಹಾಗೇ ಪಾಸಾಗಿ ಬಂದವರಲ್ವಾ...)

ಗಫ್ ಮತ್ತು ಟನ್ಮರ್ ಅನ್ನೋ ಇಬ್ಬರು ಸಂಶೋಧಕರು 1986ರಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟಿದ್ರು. ಓದಿ ಅರ್ಥ ಮಾಡಿಕೊಳ್ಳೋದು ಅಂದ್ರೆ ಅಕ್ಷರ ಬಿಡಿಸೋ ಶಕ್ತಿ ಇಂಟು ಮಾತು ಅರ್ಥವಾಗೋ ಶಕ್ತಿ. ಪ್ಲಸ್ ಅಲ್ಲ, ಇಂಟು. ಒಂದು ಕಡೆ ಸೊನ್ನೆಯಾದ್ರೆ ಉತ್ತರವೂ ಸೊನ್ನೆ. ಗಟ್ಟಿಯಾಗಿ ಓದಿ ಹೇಳೋದು ಕೆಲಸಕ್ಕೆ ಬರೋದು ಇಲ್ಲೇ. ಅಕ್ಷರದ ಹೊರೆ ದೊಡ್ಡವರು ಹೊತ್ಕೋತಾರೆ, ಮಗುವಿನ ತಲೆ ಪೂರ್ತಿ ಕಥೆಗೇ ಸಿಗುತ್ತೆ.

ನನ್ನ ಫೇವರಿಟ್ ಪ್ಯಾಟ್ ಹಚಿನ್ಸ್ ಅವರ 'ರೋಸೀಸ್ ವಾಕ್', 1968ರ ಪುಸ್ತಕ. ಇಂಗ್ಲಿಷಲ್ಲಿ ಇಡೀ ಪುಸ್ತಕಕ್ಕೆ ಬರೀ 32 ಪದ! ಒಂದು ಕೋಳಿ ವಾಕಿಂಗ್ ಹೊರಟು, ಕೊಳ ಸುತ್ತಿ, ಹುಲ್ಲಿನ ಬಣವೆ ಹತ್ತಿಳಿದು, ಹಿಟ್ಟಿನ ಗಿರಣಿ ದಾಟಿ, ಊಟದ ಹೊತ್ತಿಗೆ ವಾಪಸ್ ಬರುತ್ತೆ. ಅಷ್ಟೇ. ಆದ್ರೆ ಚಿತ್ರದಲ್ಲಿ ಅದರ ಬೆನ್ನಿಗೇ ಒಂದು ನರಿ ಬರ್ತಾ ಇರುತ್ತೆ, ಮಾತಲ್ಲಿ ಅದರ ಸುದ್ದಿಯೇ ಇಲ್ಲ! ನರಿ ಕೋಳಿ ಮೇಲೆ ಹಾರುತ್ತೆ, ಪುಟ ತಿರುಗಿಸಿದ್ರೆ ಕೊಳಕ್ಕೆ ಬಿದ್ದಿರುತ್ತೆ. ಆ ಪುಟದಲ್ಲಿ ಒಂದಕ್ಷರವೂ ಇಲ್ಲ.

ನಾನು ಕನ್ನಡದಲ್ಲಿ ಹೇಳಿ, ಪುಟ ತಿರುಗಿಸೋ ಮುಂಚೆ ಸುಮ್ಮನಾಗ್ತೀನಿ. ಸುಮ್ಮನಿರೋದು ಕಷ್ಟ ಕಣ್ರೀ! "ಸಾರ್, ನರಿ ಸಾರ್, ಹಿಂದೆ!" ಅಂತ ಕ್ಲಾಸೆಲ್ಲ ಕಿರುಚಾಟ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದೆ. ನರಿ ಬರ್ತಿರೋದು ಕೋಳಿಗೆ ಗೊತ್ತಿತ್ತಾ?

"ಇಲ್ಲ ಸಾರ್, ಒಂದ್ಸಲಾನೂ ತಿರುಗಿ ನೋಡಿಲ್ಲ" ಅಂದ ಒಬ್ಬ. ನಮ್ಮ ತೆಲುಗು ಹುಡುಗಿ ಎದ್ದು ಬಂದ್ಲು, ಪುಸ್ತಕ ಇಸ್ಕೊಂಡು ಗಿರಣಿ ಪುಟ ತೆಗೆದ್ಲು. ಅಲ್ಲಿ ಕೋಳಿ ಕಾಲಿಗೆ ಒಂದು ದಾರ ಸುತ್ತಿಕೊಂಡಿದೆ, ಅದು ಎಳೆದಿದ್ದಕ್ಕೇ ಹಿಟ್ಟೆಲ್ಲ ನರಿ ತಲೆ ಮೇಲೆ ಸುರಿಯೋದು. "ಬೇಕಂತಲೇ ಎಳೆದೈತೆ ಸಾರ್" ಅಂದ್ಲು. ಉಳಿದಿದ್ದನ್ನ ಅರ್ಧ ಕನ್ನಡ ಅರ್ಧ ತೆಲುಗಲ್ಲಿ ವಾದ ಮಾಡಿದ್ಲು. "ದಾರ ಸಿಕ್ಕಾಕ್ಕೊಂಡೈತೆ ಅಷ್ಟೇ" ಅಂತ ಅವನೂ ಬಿಡಲಿಲ್ಲ. ಬೆಲ್ ಹೊಡೆದ್ರೂ ಜಗಳ ಮುಗೀಲಿಲ್ಲ. ಪುಟ ತೋರಿಸಿ "ಅದಕ್ಕೇ ಹೀಗೆ" ಅನ್ನೋಕೆ ಬಂತಲ್ಲ, ಕಾಂಪ್ರಹೆನ್ಷನ್ ಅಂದ್ರೆ ನನ್ನ ಪ್ರಕಾರ ಅದೇ. ಬಾಯಲ್ಲಿ ಬಂದಿದ್ದು ಓದಲ್ಲೂ ಬರೋಕೆ ಇನ್ನೂ ಟೈಮ್ ಬೇಕು ಬಿಡಿ, ಪಾಠದ ಪುಸ್ತಕದ ಗ್ರಾಂಥಿಕ ಕನ್ನಡ ಬೇರೆ ಅಡ್ಡ ನಿಂತಿರುತ್ತೆ.

ಇದನ್ನೆಲ್ಲ ಕೊಲ್ಲೋ ಪ್ರಶ್ನೆ ಒಂದಿದೆ: "ಈ ಕಥೆಯ ನೀತಿ ಏನು?" ಕೇಳಿದ ತಕ್ಷಣ ಮಕ್ಕಳು ಕೈಕಟ್ಟಿ "ಸುಳ್ಳು ಹೇಳಬಾರದು" ಅಂತಾರೆ, ಕಥೆಯಲ್ಲಿ ಯಾರೂ ಸುಳ್ಳು ಹೇಳಿರದಿದ್ರೂ! ಪುಟಪುಟಕ್ಕೂ ನಿಲ್ಲಿಸಿ ಪ್ರಶ್ನೆ ಕೇಳೋದೂ ಅಷ್ಟೇ ಕೆಟ್ಟದ್ದು, ಕಥೆ ಓಡಬೇಕು ಮೊದಲು.

ಪುಸ್ತಕಕ್ಕೇನೂ ಬರ ಇಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಪುಸ್ತಕ ಫ್ರೀಯಾಗಿ ಸಿಗುತ್ತೆ. ಹಿಂದಿನ ಬೆಂಚಿಗೂ ಕಾಣ್ಲಿ ಅಂತ ಲ್ಯಾಪ್‌ಟಾಪಲ್ಲಿ ದೊಡ್ಡದು ಮಾಡಿ ತೋರಿಸ್ತೀನಿ. ನಾನು ಹುಡುಕ್ತಾ ಇರೋದು ಮಾತು ಒಂದು ಹೇಳಿ ಚಿತ್ರ ಇನ್ನೊಂದು ಹೇಳೋ ಕನ್ನಡದ ಪುಸ್ತಕ. ನಿಮಗೆ ಯಾವುದಾದ್ರೂ ಗೊತ್ತಿದ್ರೆ ಶನಿವಾರದೊಳಗೆ ಹೇಳ್ರಪ್ಪಾ...