ಲ್ಯಾಂಕಾಸ್ಟರಿನ ಕೋವಿ ಕಮ್ಮಾರ

ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿಕೊಂಡಿರಬೇಕಾದವನು ಅಮೆರಿಕದ ಕೋವಿ ಕಮ್ಮಾರನೊಬ್ಬನ ಬೆನ್ನು ಹತ್ತಿದ್ದೇಕೆಂದು ಮಿತ್ರರು ಕೇಳುತ್ತಾರೆ. ಹತ್ತಿಸಿದ್ದು ಒಂದು ಚಿತ್ರ: ವಿಷದ ಬಟ್ಟಲಿನೆದುರು ಕುಳಿತ ಸಾಕ್ರೆಟೀಸನ ಚಿತ್ರ. ಸುಮಾರು 1756ರಲ್ಲಿ ಅದನ್ನು ಬರೆದವನು ಬೆಂಜಮಿನ್ ವೆಸ್ಟ್ ಎಂಬ ಹದಿನೆಂಟರ ಹುಡುಗ. ಅವನು ಮುಂದೆ ಲಂಡನ್ನಿನ ರಾಯಲ್ ಅಕಾಡೆಮಿಯ ಅಧ್ಯಕ್ಷನಾದನೆಂಬುದು ಬೇರೆ ಮಾತು. ಆಗ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಊರಿನಲ್ಲಿ ಜನರ ಮುಖಗಳನ್ನು ಬರೆದು ಜೀವಿಸುತ್ತಿದ್ದನು. ವೆಸ್ಟನ ಚರಿತ್ರೆ ಬರೆದ ಜಾನ್ ಗಾಲ್ಟ್ ಹೇಳುವಂತೆ, ಬರಿಯ ಮುಖ ಬರೆದು ಕೈ ಸವೆಸಬೇಡ, ಸಾಕ್ರೆಟೀಸನ ಮರಣದಂಥದನ್ನು ಬರೆ ಎಂದು ಸೂಚಿಸಿದವನು ಕೋವಿ ಮಾಡುವ ವಿಲಿಯಂ ಹೆನ್ರಿ. ಸಾಕ್ರೆಟೀಸ್ ಯಾರೆಂದೇ ಹುಡುಗನಿಗೆ ತಿಳಿಯದು. ಹೆನ್ರಿಯೇ ಪುಸ್ತಕ ತೆಗೆದು ಕಥೆಯನ್ನು ಓದಿ ಹೇಳಿದನು. ವಿಷ ತರುವ ಆಳಿನ ಬರಿಮೈಯನ್ನು ಬರೆಯಲು ಹುಡುಗ ಹಿಂಜರಿದಾಗ, ತನ್ನ ಕುಲುಮೆಯ ಕೆಲಸಗಾರನನ್ನೇ ಕರೆಸಿ ಎದುರು ನಿಲ್ಲಿಸಿದನಂತೆ.

ಇಂಥ ಕಮ್ಮಾರನನ್ನು ಬಿಟ್ಟು ಮುಂದೆ ಹೋಗುವುದು ನನ್ನಿಂದಾಗಲಿಲ್ಲ.

ಹೆನ್ರಿ ಹುಟ್ಟಿದ್ದು 1729ರಲ್ಲಿ, ಪೆನ್ಸಿಲ್ವೇನಿಯಾದ ಚೆಸ್ಟರ್ ಪ್ರಾಂತದಲ್ಲಿ. ಲ್ಯಾಂಕಾಸ್ಟರಿನಲ್ಲಿ ಕಸುಬು ಕಲಿತು, 1755 ಮತ್ತು 1758ರ ದಂಡಯಾತ್ರೆಗಳಲ್ಲಿ ಸೈನ್ಯದ ಆಯುಧಗಳನ್ನು ದುರಸ್ತಿ ಮಾಡುವ ಹೊಣೆ ಹೊತ್ತನು. ಆ ಊರಿನ ಕಸುಬಿನ ಸೊಗಸೇ ಬೇರೆ. ಜರ್ಮನಿಯಿಂದ ಬಂದು ನೆಲಸಿದವರು ತಂದ ಗಿಡ್ಡ ನಳಿಗೆಯ ಬೇಟೆಕೋವಿ ಅಲ್ಲಿ ಮೂರೂವರೆ ಅಡಿಯ ನಳಿಗೆಯಾಗಿ ಬೆಳೆಯಿತು. ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಸರಳಿನ ಸುತ್ತ ಮಡಿಸಿ ಬೆಸೆಯಬೇಕು. ಒಳಗನ್ನು ಕೊರೆದು ನಯಮಾಡಬೇಕು. ಆಮೇಲೆ ಉದ್ದನೆಯ ಕೋಲಿನ ತುದಿಗೆ ಪುಟ್ಟ ಉಕ್ಕಿನ ಹಲ್ಲನ್ನು ಸಿಕ್ಕಿಸಿ, ತಿರುಚುತ್ತ ಎಳೆದೆಳೆದು, ಒಂದೊಂದು ಎಳೆತಕ್ಕೂ ಕೂದಲೆಳೆಯಷ್ಟು ಲೋಹವನ್ನು ಕೆರೆದು ಸುರುಳಿಗೀರುಗಳನ್ನು ಮೂಡಿಸಬೇಕು. ಗುಂಡನ್ನು ಬುಗುರಿಯಂತೆ ತಿರುಗಿಸಿ ಗುರಿ ತಪ್ಪದಂತೆ ಕಳಿಸುವುದು ಆ ಗೀರುಗಳೇ. ಹಿಡಿಗೆ ಅಲೆಅಲೆಯ ರೇಖೆಗಳುಳ್ಳ ಮೇಪಲ್ ಮರ. ಆ ಕೋವಿಗಳ ಚಿತ್ರಗಳನ್ನು ನೋಡುವಾಗ ಅವು ಮಾಡುವ ಕೆಲಸವನ್ನು ಮನಸ್ಸು ಮರೆತೇಬಿಡುತ್ತದೆ.

ಕವಿಚರಿತೆಯನ್ನು ಓದಿದವರಿಗೆ ಗೊತ್ತು, ಕವಿಯ ಕಾಲದಿಂದ ದೂರ ಸರಿದಷ್ಟೂ ಕಥೆ ಕೊಬ್ಬುತ್ತದೆ. ಹೆನ್ರಿಗೂ ಹಾಗೆಯೇ ಆಯಿತು. 1763ರಲ್ಲಿ ಕೊನೆಸ್ಟೋಗಾ ಹೊಳೆಯಲ್ಲಿ ಆತನು ಉಗಿದೋಣಿಯನ್ನು ತೇಲಿಸಿದನೆಂದು ಅಭಿಮಾನಿಗಳು ಹೇಳುತ್ತ ಬಂದಿದ್ದಾರೆ. ಆದರೆ 1785ರಲ್ಲಿ ಆತನನ್ನು ಕಂಡ ಜಾನ್ ಫಿಚ್ ಬರೆದಿಟ್ಟಿರುವುದು, ಉಗಿದೋಣಿಯ ಯೋಚನೆ ತನಗೂ ಬಂದಿತ್ತೆಂದು ಹೆನ್ರಿ ಹೇಳಿದನೆಂದು ಮಾತ್ರ. ಫಿಚ್ ಸ್ವತಃ ಉಗಿದೋಣಿಯ ಕೀರ್ತಿಗೆ ಹಕ್ಕುದಾರ. ಅವನ ಮಾತಿಗೂ ತುಸು ಮುರಿದುಕೊಂಡೇ ಬೆಲೆ ಕಟ್ಟಬೇಕು. ಆದರೂ ತೇಲಿದ ದೋಣಿಯನ್ನು ನಾನು ನಂಬಲಾರೆ.

ಅದೇ 1763ನೆಯ ವರ್ಷ, ಕೊನೆಸ್ಟೋಗಾ ಎಂಬ ಅದೇ ಹೆಸರು, ಇನ್ನೊಂದು ಕಾಗದದಲ್ಲಿ ಎದುರಾಯಿತು. ಆ ಹೆಸರಿನ ಮೂಲನಿವಾಸಿಗಳ ಪುಟ್ಟ ಹಳ್ಳಿಯ ಮೇಲೆ ಡಿಸೆಂಬರ್ 14ರಂದು ಗಡಿನಾಡಿನ ಬಿಳಿಯರು ಬಿದ್ದು ಆರು ಜನರನ್ನು ಕೊಂದರು. ಉಳಿದ ಹದಿನಾಲ್ವರನ್ನು ರಕ್ಷಣೆಗೆಂದು ಲ್ಯಾಂಕಾಸ್ಟರಿನ ಸೆರೆಮನೆಯ ಆವರಣದಲ್ಲಿರಿಸಿದರು. ಡಿಸೆಂಬರ್ 27ರಂದು ಆ ಗುಂಪು ಹಾಡುಹಗಲಲ್ಲೇ ನುಗ್ಗಿ ಅವರೆಲ್ಲರನ್ನೂ ಮುಗಿಸಿತು. ಯಾರಿಗೂ ಶಿಕ್ಷೆಯಾಗಲಿಲ್ಲ. ಹೆಕ್‌ವೆಲ್ಡರ್ ಎಂಬ ಪಾದ್ರಿ ತನ್ನ 1820ರ ಗ್ರಂಥದಲ್ಲಿ ಹೆನ್ರಿಯ ಪತ್ರವೊಂದನ್ನು ಸೇರಿಸಿದ್ದಾನೆ. ಹೆನ್ರಿ ಆ ಅಂಗಳಕ್ಕೆ ಓಡಿ ಹೋಗಿ ಕಂಡುದನ್ನು ಬರೆದಿದ್ದಾನೆ: ಊರಿಗೆಲ್ಲ ಬೇಕಾಗಿದ್ದ ವೃದ್ಧ, ಅವನ ಹೆಂಡತಿ, ಮೂರು ವರ್ಷದ ಆಸುಪಾಸಿನ ಮಕ್ಕಳು. ಮುಂದಿನದನ್ನು ಇಲ್ಲಿ ಬರೆಯಲಾರೆ.

ಗಡಿನಾಡಿನವರ ಕೈಗೆ ಕೋವಿ ಒದಗುತ್ತಿದ್ದುದು ಇಂಥ ಊರುಗಳ ಕುಲುಮೆಗಳಿಂದಲೇ. ಕೋವಿ ಮಾಡುವವನ ಕಣ್ಣು ಆ ದಿನ ಏನನ್ನು ಕಂಡಿತು? ಗಾಯವನ್ನು ನೋಡಿಯೇ ಆಯುಧವನ್ನು ಗುರುತಿಸಬಲ್ಲ ಕಣ್ಣು ಅದು. ಕೆಲವು ದಿನ ನಾನು ಟಿಪ್ಪಣಿಪುಸ್ತಕವನ್ನು ಮುಚ್ಚಿಟ್ಟೆನು. ಕುಶಲಕರ್ಮಿಯನ್ನು ಮೆಚ್ಚಿ ಬರೆಯಲು ಹೊರಟವನಿಗೆ ಆ ಅಂಗಳವನ್ನು ದಾಟಿ ಹೋಗುವ ದಾರಿ ತೋರಲಿಲ್ಲ.

ಬಳಿಕ ತೆರೆದಾಗ ಬೇರೆ ಸಂಗತಿಗಳು ಸಿಕ್ಕವು. ಊರಿನ ಜೂಲಿಯಾನಾ ಪುಸ್ತಕಭಂಡಾರವನ್ನು ಹೆನ್ರಿ ತನ್ನ ಮನೆಯಲ್ಲಿರಿಸಿಕೊಂಡಿದ್ದನು. ಸ್ವಾತಂತ್ರ್ಯಯುದ್ಧದ ಕಾಲದಲ್ಲಿ ಥಾಮಸ್ ಪೇನ್ ಆ ಮನೆಯ ಅತಿಥಿ. 1786ರಲ್ಲಿ ಹೆನ್ರಿ ತೀರಿಕೊಂಡ ಮೇಲೆ ಹೆಂಡತಿ ಆನ್, ಜಿಲ್ಲೆಯ ಖಜಾನೆಯ ಲೆಕ್ಕವನ್ನು ತಾನೇ ವಹಿಸಿಕೊಂಡು ವರ್ಷಗಟ್ಟಲೆ ನಡೆಸಿದಳು. ಆ ಕಾಲಕ್ಕೆ ಇದೇನು ಸಾಮಾನ್ಯವೇ!

ಡೆಲವೇರ್ ಜನರ ಮುಖಂಡ ಗೆಲೆಲೆಮೆಂಡನ ಸಂಗತಿಯೂ ಆಗಲೇ ಕಣ್ಣಿಗೆ ಬಿದ್ದಿತು. ಹಿಂದೊಮ್ಮೆ ದಂಡಯಾತ್ರೆಯಲ್ಲಿ ಹೆನ್ರಿ ಇವನ ಪ್ರಾಣ ಉಳಿಸಿದನೆಂದೂ, ಇಬ್ಬರೂ ಹೆಸರು ಬದಲಿಸಿಕೊಂಡರೆಂದೂ ಕಥೆ. ಇದೂ ಕಥೆಯೇ, ಆದರೆ ಇದಕ್ಕೆ ಆಧಾರವಾಗಿ ಒಂದು ಹೆಸರು ಉಳಿದಿದೆ. ಕಮ್ಮಾರನು ಕಣ್ಮರೆಯಾದ ಬಳಿಕ ಗೆಲೆಲೆಮೆಂಡನು ಕ್ರೈಸ್ತ ದೀಕ್ಷೆಯನ್ನು ಪಡೆದಾಗ ವಿಲಿಯಂ ಹೆನ್ರಿ ಎಂಬ ಹೆಸರನ್ನೇ ತಳೆದು, ಆ ಹೆಸರಿನಲ್ಲಿಯೇ 1811ರವರೆಗೆ ಬಾಳಿದನು.